ಏಳರ ಸೈರನ್

ಸಾಂಗಲಿ ಸೀಮೆಯ ಹಿವರೆವಾಡಿಯಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿತೆಂದರೆ ಎಂಟೂವರೆಯ ತನಕ ಯಾರೂ ಮೊಬೈಲ್ ಮುಟ್ಟುವ ಹಾಗಿಲ್ಲ. ಮಾರುತಿ ಗುಡಿಯ ಕಟ್ಟೆಗೆ ಬಂದು ಮುಖ ನೋಡಿಕೊಂಡು ಮಾತಾಡಬೇಕು; ಗ್ರಾಮಸಭೆಯ ಠರಾವು. ಮಾತಾಡಿದರೆ ಪ್ರೀತಿ ಹುಟ್ಟುತ್ತದೆ ಅಂತ ಪಂಚಾಯತಿ ಮುಖ್ಯಸ್ಥೆ ಸರಪಂಚಬಾಯಿ ನಂಬಿದ್ದಳು, ಪಾಪ. ಹುಟ್ಟಿದ್ದು ಜಗಳ. ಫೋನಿನಲ್ಲಿ ಹೂತಿಟ್ಟಿದ್ದ ಬೈಗುಳವೆಲ್ಲ ಬಾಯಿಗೆ ಬಂದು, ಮೊದಲ ವಾರದಲ್ಲೇ ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಕಿವಿ ಹರಿಯಿತು.

ಕಬ್ಬು ಬೆಳೆಯುವ ನಿವೃತ್ತಿ ಮಾತ್ರ ಆ ಕಟ್ಟೆಯ ಮೇಲೆ ತುಟಿ ಹೊಲಿದುಕೊಂಡವನಂತೆ ಕೂರುತ್ತಿದ್ದ. ತಮ್ಮ ದಗಡೂ ಜೊತೆ ಮಾತು ಬಿಟ್ಟು ಮೂರು ವರ್ಷ. ಹೊಲದ ಬದುವನ್ನು ಎರಡು ಮೊಳ ಒತ್ತಿದ್ದಾನೆ ಅಂತ ಇವನು, ಇಲ್ಲ ಅಂತ ಅವನು. ಹೊಲ ಎರಡಾದರೂ ಬಾವಿ ಒಂದೇ, ಮೋಟಾರು ಒಂದೇ. ಇಬ್ಬರೂ ಮನೆಯಲ್ಲೇ ಕೂತು ಫೋನಿನಿಂದ ಮೋಟಾರು ಹಚ್ಚುತ್ತಿದ್ದರು. ನೀರಿನ ಪಾಳಿ ಗೊತ್ತಿದ್ದದ್ದರಿಂದ ಮಾತಿಗೆ ಕೆಲಸವೇ ಇರಲಿಲ್ಲ. ದಗಡೂ ಆಗೀಗ ಮೆಸೇಜು ಹಾಕುತ್ತಿದ್ದ. ಆ ನಾಲಾಯಕ ಬೈಗುಳ ಬಿಟ್ಟು ಇನ್ನೇನು ಬರೆದಾನು ಅಂತ ನಿವೃತ್ತಿ ಒಂದನ್ನೂ ತೆರೆಯುತ್ತಿರಲಿಲ್ಲ.

ಆ ಸಂಜೆಯೂ ಏಳಕ್ಕೆ ಹತ್ತು ನಿಮಿಷವಿರುವಾಗ ದಗಡೂನ ಮೆಸೇಜು ಬಂದು ಬಿತ್ತು. ಸೈರನ್ ಕೂಗಿಬಿಟ್ಟರೆ ಕಬ್ಬಿಗೆ ನೀರಿಲ್ಲವೆಂಬ ಗಡಿಬಿಡಿಯಲ್ಲಿ ನಿವೃತ್ತಿ ಅದನ್ನು ನೋಡದೆಯೇ ಮೋಟಾರು ಹಚ್ಚಿದ, ಫೋನು ಬಂದ್ ಮಾಡಿ ಕಟ್ಟೆಗೆ ನಡೆದ.

ಅರ್ಧ ಗಂಟೆಯ ಮೇಲೆ ದಗಡೂ ಬಂದ. ಬಲಗೈಗೆ ಸುತ್ತಿದ್ದ ಟವೆಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಎಡಗೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

"ಬಾವ್ಯಾಗ ಇಳದೇನಿ, ಮೋಟಾರು ಹಚ್ಚಬ್ಯಾಡ ಅಂತ ಹಾಕಿದ್ನಲ್ಲ? ಓದಿನೂ ಹಚ್ಚಿದಿ. ಎರಡು ಬೆರಳು ಹೋದ್ವು."

ಫ್ಯೂಜು ಕಿತ್ತಿಟ್ಟು ಇಳಿಯುವುದು ಬಿಟ್ಟು, ಮೆಸೇಜು ಹಾಕಿದೆನಲ್ಲ ಅಂತ ಮೋಟಾರಿನ ಬೆಲ್ಟಿಗೆ ಕೈ ಕೊಟ್ಟಿದ್ದ ಪುಣ್ಯಾತ್ಮ. ನಿವೃತ್ತಿ ಎದ್ದು ನಿಂತ. ನನಗೆ ಗೊತ್ತಿರಲಿಲ್ಲ ಅನ್ನಬೇಕು, ಅಷ್ಟೇ. ಮೂರು ವರ್ಷ ಬಳಸದ ಮಾತನ್ನು ಹುಡುಕತೊಡಗಿದ. ಅಷ್ಟರಲ್ಲಿ ಕೊಯ್ತಾ ಬೀಸಿ ಬಂದು ಹೆಗಲಿನ ಮಾಂಸ ಸೀಳಿತು. ಹೆಂಗಸರು ಚೀರಿದರು. ನಾಲ್ಕು ಜನ ಚಟದಂತೆ ಜೇಬಿಗೆ ಕೈ ಹಾಕಿ ಬಂದ್ ಆಗಿದ್ದ ಫೋನು ಹಿಡಿದು ನಿಂತರೇ ಹೊರತು ಬಿಡಿಸಲು ಒಬ್ಬನೂ ಬರಲಿಲ್ಲ.

ಎರಡನೆಯ ಏಟಿಗೆ ಕೊಯ್ತಾ ಎತ್ತಿದಾಗ ನಿವೃತ್ತಿಗೆ ಬಾಯಿ ಬಂತು.

"ಓದಿಲ್ಲೋ. ಮೂರು ವರ್ಷದಿಂದ ನಿಂದೊಂದೂ ಓದಿಲ್ಲ."

ಕೊಯ್ತಾ ಮೇಲೆಯೇ ನಿಂತಿತು. ದಗಡೂ ಅಣ್ಣನ ಮುಖವನ್ನೇ ನೋಡಿದ. ಆ ಮುಖದಲ್ಲಿ ಸುಳ್ಳಿರಲಿಲ್ಲ.

"ದೀವಳಿಗಿಗೆ ಹಾಕಿದ್ದೂ?"

"ಏನ್ ಬರದಿದ್ದಿ?"

ದಗಡೂ ಕೊಯ್ತಾ ಬಿಸಾಕಿ ಅಣ್ಣನ ಎದೆಗೆ ಒದ್ದ. ಕಟ್ಟೆಯಿಂದ ಉರುಳಿ ಬಿದ್ದವನ ಮೇಲೆ ಕೂತು, ಎರಡು ಬೆರಳಿಲ್ಲದ ಆ ಕೈಯಿಂದಲೇ ಮುಖಕ್ಕೆ ಗುದ್ದಿದ. ಗುದ್ದಿಗೊಂದು ಮಾತು.

"ಬದು ನಾನ ಒತ್ತಿದ್ದು. ಎರಡು ಮೊಳ. ತಪ್ಪಾತು ದಾದಾ, ವಾಪಸ್ ತಗೋ ಅಂತ ಬರದಿದ್ದೆ."

ತಪ್ಪಾತು ಅಂದಾಗಲೇ ಏಟು ಎಲ್ಲಕ್ಕಿಂತ ಜೋರಾಗಿ ಬಿದ್ದಿತ್ತು. ಉತ್ತರ ಬರಲೆಂದು ಆ ಹಬ್ಬದಲ್ಲಿ ಎರಡು ದಿನ ಊಟ ಬಿಟ್ಟು ಕಾದೆ, ನೀನು ಥೂ ಅಂತ ಉಗುಳಲೂ ಇಲ್ಲ ಎಂದು ದಗಡೂ ಏದುಸಿರಿನಲ್ಲೇ ಹೇಳಿದ. ಆಮೇಲೆ ಕೈ ಸೋತಿತು. ನಿವೃತ್ತಿ ತನ್ನ ಹೆಗಲು ಬಿಟ್ಟು ತಮ್ಮನ ಮಣಿಕಟ್ಟನ್ನು ರಕ್ತ ನಿಲ್ಲಲೆಂದು ಎರಡೂ ಕೈಯಿಂದ ಬಿಗಿಹಿಡಿದ. ಅಣ್ಣನ ಬಾಯಿ ತುಂಬ ಮಣ್ಣು, ರಕ್ತ.

"ಇಷ್ಟು ಹೇಳಾಕ ಬೆರಳು ಹೋಗಬೇಕಿತ್ತೇನೋ?"

"ನಾ ಹೇಳಾಕಲ್ಲ ದಾದಾ," ಅಂದ ದಗಡೂ. "ನೀ ಕೇಳಾಕ ಹೋದ್ವು."