ವಜ್ರಣ್ಣ ಕೈ ಬಿಗಿಹಿಡಿದ ದಿನ

ಗಿಯರಿನ ಹಲ್ಲಿಗೆ ಸಾಣೆ ಹಿಡಿಯುವ ಮಾಸ್ಟರನ್ನು ಕಾರ್ಖಾನೆಯಲ್ಲಿ ಎಲ್ಲರೂ ವಜ್ರಣ್ಣ ಅಂತಲೇ ಕರೆಯುತ್ತಿದ್ದರು. ಸಾಣೆಚಕ್ರ ಸ್ವಲ್ಪ ಮಂಕಾದರೆ ಸಾಕು, ವಜ್ರದ ಮೊನೆಯಿಂದ ಅದರ ಮೈ ಹೆರೆದು, ಅಡಿಯ ಹೊಸ ಹರಳು ಮೇಲೆ ಬರುವಂತೆ ಮಾಡುತ್ತಿದ್ದ. ಜೀವಮಾನವಿಡೀ ಕೈಗೆ ಹತ್ತಿದ ಚಾಳಿ. ಅದೇ ಈಗ ಅವನ ಹೊಟ್ಟೆಯ ಮೇಲೆ ಹೊಡೆಯಲು ನಿಂತಿತ್ತು.

ಯಜಮಾನರು ಹೊಸ ಬಗೆಯ ಎರಡು ಚಕ್ರ ತರಿಸಿದ್ದರು. ಉಕ್ಕಿನ ಮೈ, ಅದರ ಮೇಲೆ ವಜ್ರದ ನಂತರ ಅದೇ ಎನ್ನುವಷ್ಟು ಗಟ್ಟಿ ಹರಳಿನ ಒಂದೇ ಒಂದು ಪದರ. ಮೊದಮೊದಲು ಕೆಲಸ ಒರಟಾಗಿ ಬರುತ್ತದೆ, ಉಬ್ಬಿದ ಹರಳು ಸವೆದು ಸಮವಾಗುವ ತನಕ ತಾಳಬೇಕು, ಹೆರೆಯಕೂಡದು ಎಂದು ಸಾರಿ ಸಾರಿ ಹೇಳಿದ್ದರು. ವಜ್ರಣ್ಣ ಹೂಂಗುಟ್ಟಿದ್ದೇನೋ ನಿಜ. ಮೊದಲ ಗಿಯರ್ ತರಿತರಿಯಾಗಿ ಬಂದದ್ದೇ ತಡ, ಕೈ ತಾನಾಗಿ ವಜ್ರಕ್ಕೆ ಹೋಯಿತು. ಪದರವೆಲ್ಲ ಕಿತ್ತುಬಂದು ಬೋಳು ಉಕ್ಕು ಉಳಿಯಿತು.

"ಇನ್ನಿರೋದು ಇದೊಂದೇ. ಇದನ್ನೂ ಕೆಡಿಸಿದ್ರೆ ಮಿಷಿನ್ ಹತ್ರ ಬರಲೇಬೇಡ," ಎಂದರು ಯಜಮಾನರು.

ಮಿಷಿನ್ ಬಿಟ್ಟು ಅವನಿಗೆ ಬೇರೆ ಪ್ರಪಂಚವೆಲ್ಲಿತ್ತು? ವಜ್ರವನ್ನು ಹಿಡಿಕೆ ಸಮೇತ ಬಿಚ್ಚಿ, ಪಕ್ಕದ ಮೇಜಿನಲ್ಲಿ ಗಿಯರ್ ಅಳೆಯುತ್ತಿದ್ದ ಸೊಸೆಯ ಕೈಗಿಟ್ಟ.

"ಬಚ್ಚಿಡಮ್ಮ. ನಾನು ಕಾಲಿಗೆ ಬಿದ್ರೂ ಕೊಡಬೇಡ."

"ಬಿಡ್ತು ಅನ್ನಿ ಮಾವ! ನೀವು ನನ್ನ ಕಾಲಿಗೆ ಬೀಳೋದಾ?"

ಗುಜರಿಗೆ ಹಾಕಿದ್ದ ಹಳೆಯ ಗಿಯರ್ ಒಂದನ್ನು ಕೂರಿಸಿ, ಎಣ್ಣೆ ಬಿಟ್ಟು, ಹಗುರವಾಗಿ ಸಾಣೆ ಹಿಡಿದ. ಚಕ್ರ ಕರಕರ ಎಂದಿತು. ಸೊಸೆ ಹಲ್ಲಿನ ಮೇಲೆ ನುಣುಪು ಅಳೆಯುವ ಮೀಟರಿನ ಮೊನೆ ಓಡಿಸಿ, "ತರಿ ಇದೆ," ಎಂದಳು. ಇನ್ನೊಂದು ಗಿಯರ್. ಮತ್ತೆ ತರಿ. ವಜ್ರಣ್ಣ ಸೊಸೆಯತ್ತ ಕೈ ಚಾಚಿದ.

"ಕೊಡಮ್ಮ ಇಲ್ಲಿ. ಸುಮ್ನೆ ಸೋಕಿಸ್ತೀನಿ ಅಷ್ಟೆ."

"ಕೊಡಲ್ಲ."

"ನಿನ್ನ ಗಂಡನ್ನ ಹೆತ್ತೋನು ಕಣೇ ನಾನು!"

"ಆ ಹಟಮಾರಿ ಜೊತೆ ಏಗಿ ಏಗಿ ಅಭ್ಯಾಸ ಆಗಿದೆ. ಕೊಡಲ್ಲ."

ವಜ್ರಣ್ಣನಿಗೆ ಸಿಟ್ಟು ನೆತ್ತಿಗೇರಿತು. ತುಟಿ ಕಚ್ಚಿಕೊಂಡು ಮಿಷಿನ್ನಿಗೆ ಹಿಂತಿರುಗಿದ. ಮುಂದಿನ ಗಿಯರೂ ಒರಟೇ. ಸೊಸೆಯ ಕಡೆ ತಿರುಗಲಿಲ್ಲ. ಮಿಷಿನ್ನಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಮತ್ತೊಂದು, ಮಗದೊಂದು ಗಿಯರ್ ಕೂರಿಸಿದ. ಕರಕರ ಸದ್ದು ಮೆಲ್ಲಗೆ ಇಳಿಯಿತು, ಹಲ್ಲೂ ನುಣುಪಾಗುತ್ತ ಬಂತು. ಆಮೇಲೆ ಗಿರಾಕಿಯ ಅಸಲಿ ಗಿಯರ್ ಏರಿಸಿದ.

ಯಜಮಾನರೇ ಬಂದು ಅದನ್ನು ಜೋಡಿ ಗಿಯರಿಗೆ ಕಚ್ಚಿಸಿ ತಿರುಗಿಸಿದರು. ಸದ್ದೇ ಇಲ್ಲ. ಹಲ್ಲಿನ ಮೇಲೆ ಬೆರಳಾಡಿಸಿ, "ಉಳಿದಿದ್ದನ್ನೂ ಮುಗಿಸಪ್ಪಾ," ಎಂದಷ್ಟೇ ಹೇಳಿ ಹೋದರು. ವಜ್ರಣ್ಣನಿಗೆ ಹೋದ ಜೀವ ಬಂದಂತಾಯಿತು.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾವ, ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ. ಇನ್ನೊಂದು ಸಲ ಕೇಳಿದ್ರೆ ಕೊಟ್ಟೇಬಿಡ್ತಿದ್ದೆ."

"ಗೊತ್ತಿತ್ತು ಕಣಮ್ಮ," ಎಂದ ವಜ್ರಣ್ಣ. "ಅದಕ್ಕೇ ಕೇಳಲಿಲ್ಲ."