ಚಾವಣಿಯ ಮೇಲೊಂದು ಸೊನ್ನೆ

"ನನ್ನ ಕೈಗನ್ನಡಿ ಎಲ್ರೀ?"

ಒಳಗಿನ ಕೋಣೆಯಿಂದ ಹೆಂಡತಿಯ ದನಿ ಬಂದಾಗ ಅವನು ಆ ಕನ್ನಡಿಯದೇ ಒಂದು ಚೂರನ್ನು ಚಿಮಟದ ತುದಿಯಲ್ಲಿ ಹಿಡಿದು ಉಸಿರು ಬಿಗಿಹಿಡಿದಿದ್ದ. ಉಗುರಿನಷ್ಟಗಲದ ಚೂರು. ಅದನ್ನು ಪುಟ್ಟ ಸ್ಪೀಕರೊಂದರ ನಡುವಿನ ಉಬ್ಬಿಗೆ ಅಂಟಿಸುತ್ತಿದ್ದ. ಅಂಟು ಒಣಗುವವರೆಗೆ ಕೈ ಅಲುಗುವಂತಿರಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು."

"ಒಡೆದುಹೋಯ್ತು," ಎಂದ, ಹಲ್ಲು ಕಚ್ಚಿಕೊಂಡೇ.

"ತಾನಾಗೇ ಒಡೀತಾ, ಇಲ್ಲಾ ನೀವು ಒಡೆದ್ರಾ?"

ಅವಳೇ ಬಂದು ಬಾಗಿಲಲ್ಲಿ ನಿಂತಳು. ಮೇಜಿನ ತುಂಬ ಸ್ಕ್ರೂಗಳು, ವೈರಿನ ತುಂಡುಗಳು, ಹಳೆಯ ಕಂಪ್ಯೂಟರಿನ ಎರಡು ಸ್ಪೀಕರುಗಳು, ಹಸಿರು ಬೆಳಕಿನ ಒಂದು ಲೇಸರ್ ಪೆನ್ನು. "ಬಚ್ಚಲ ನಲ್ಲಿ ಸೋರ್ತಿದೆ. ಫ್ಯಾನು ಕಿರ್ರೋ ಅಂತಿದೆ. ಅವೆಲ್ಲ ಬಿಟ್ಟು ಇದು! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಹಾಗೆ. ಯಾರಿಗಂತ ಇದು?"

ಅವನು ಕಣ್ಣಿನಲ್ಲೇ ನಡುಮನೆಯ ಕಡೆ ತೋರಿಸಿದ. ಅವಳು ಆಮೇಲೆ ಕನ್ನಡಿಯ ಮಾತೆತ್ತಲಿಲ್ಲ.

ನಡುಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಹಾಕಿದ ಮಂಚದ ಮೇಲೆ ಅವಳ ಅಪ್ಪ ಮಲಗಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಜೊತೆಗೆ ಮಾತೂ. ಬೆಳಗಿನಿಂದ ಸಂಜೆಯವರೆಗೆ ಅವರು ಚಾವಣಿ ನೋಡುತ್ತಿದ್ದರು. ಬಿಳಿ ಸುಣ್ಣದ ಬರಿಯ ಚಾವಣಿ.

ಅವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಏಣಿಯ ಮೇಲೆ ನಿಂತು, ಬಾಯಲ್ಲೊಂದು ಕುಂಚ, ಕೈಯಲ್ಲೊಂದು ಕುಂಚ ಹಿಡಿದು, ಆಳೆತ್ತರದ ಅಕ್ಷರಗಳನ್ನು ಗೆರೆ ಹಾಕಿಕೊಳ್ಳದೆ ಬರೆಯುತ್ತಿದ್ದರು. ಅಳಿಯನದು ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ. ಗುಂಡಿ ಒತ್ತಿದರೆ ಸಾಕು, ಬಣ್ಣಬಣ್ಣದ ಅಕ್ಷರ ಹೊತ್ತ ಪ್ಲಾಸ್ಟಿಕ್ ಹಾಳೆ ಮಾರುಗಟ್ಟಲೆ ಇಳಿದುಬರುತ್ತಿತ್ತು. ಮಾವನ ಏಣಿಯನ್ನು ಕೆಲಸವಿಲ್ಲದೆ ಮೂಲೆಗೆ ಒರಗಿಸಿದ್ದು ಇಂಥ ಅಂಗಡಿಗಳೇ. ಹೀಗಾಗಿ ಮಗಳು ಅವನನ್ನು ಮೆಚ್ಚಿ ಮದುವೆಯಾದಂದಿನಿಂದ ಮಾವ-ಅಳಿಯರದು ಎಣ್ಣೆ-ಸೀಗೆಕಾಯಿ ಸಂಬಂಧ. ಮಾವ ಅವನನ್ನು ಹೆಸರು ಹಿಡಿದು ಕರೆದವರೇ ಅಲ್ಲ. "ಏನಮ್ಮಾ, ನಿನ್ನ ಪ್ರಿಂಟು ಬಂದನಾ?" ಎಂದು ಮಗಳನ್ನು ಕೇಳುತ್ತಿದ್ದರು, ಅವನು ಎದುರಿಗೇ ಕೂತಿದ್ದರೂ.

ಈಗ ಆ ಕುಹಕವೂ ಇಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಗಂಟಲಿನಿಂದ ಒಂದು ಸದ್ದು ಹೊರಡುತ್ತಿತ್ತು. ಬಾಗಿಲು ನೆಲಕ್ಕೆ ಉಜ್ಜಿದಂಥ ಸದ್ದು. ನೋಡಲು ಬಂದಿದ್ದ ಹಳೆಯ ಜೊತೆಗಾರ ಪೇಂಟರ್ ಅದನ್ನು ಕೇಳಿ ತಲೆ ತಗ್ಗಿಸಿಬಿಟ್ಟ. ಅವತ್ತಿನಿಂದ ಮಾವ ತುಟಿ ಹೊಲಿದುಕೊಂಡವರಂತೆ ಇದ್ದುಬಿಟ್ಟರು. ಮಾತು ಕಲಿಸಲು ಬರುತ್ತಿದ್ದಾಕೆ ಹೊರಡುವಾಗ ಹೊಸಿಲ ಬಳಿ ಮೆಲ್ಲಗೆ ಹೇಳಿದ್ದಳು: "ಏನಾದ್ರೂ ಮಾಡಿ ದನಿ ತೆಗೆಸಿ. ಸುಮ್ನೆ ಇದ್ರೆ ಗಂಟಲಿಗೆ ಮರೆತೇ ಹೋಗುತ್ತೆ."

ಅಳಿಯನ ತಲೆಯಲ್ಲಿ ಆಗ ದನಿಯ ಯೋಚನೆ ಇರಲಿಲ್ಲ. ಆ ಬರಿಯ ಚಾವಣಿ ಅವನನ್ನು ಕಾಡುತ್ತಿತ್ತು; ಅದರ ಮೇಲೆ ಬೆಳಕಿನಲ್ಲಿ ಏನಾದರೂ ಬರೆಯಬೇಕು, ಅಷ್ಟೇ.

ಕೈಗನ್ನಡಿಯ ಚೂರು ಕೈಕೊಟ್ಟಿತು. ಅದರ ಮೇಲೆ ಬೆಳಕು ಬಿಟ್ಟರೆ ಗೋಡೆಯಲ್ಲಿ ಒಂದಕ್ಕೆ ಎರಡು ಚುಕ್ಕೆ, ಗಾಜಿನ ಮೇಲಿನದೊಂದು, ಹಿಂಬದಿಗೆ ಬಳಿದ ರಸದ್ದೊಂದು. ಅಂಗಡಿಯಲ್ಲಿ ಕೆಟ್ಟು ಕೂತಿದ್ದ ಸ್ಕ್ಯಾನರನ್ನು ಬಿಚ್ಚಿದ. ಅದರ ಹೊಟ್ಟೆಯಲ್ಲಿದ್ದ ಉದ್ದನೆಯ ಕನ್ನಡಿಗೆ ರಸ ಮೇಲ್ಗಡೆಯೇ ಇತ್ತು. ಅದರಿಂದ ಎರಡು ಚೂರು ಕತ್ತರಿಸಿದ. ಈಗ ಚುಕ್ಕೆ ಒಂದೇ, ಸೂಜಿಯ ಮೊನೆಯಂತೆ.

"ಇದು ಹೇಗೆ ಬರೆಯುತ್ತೆ?" ಎಂದು ಹೆಂಡತಿ ಕೇಳಿದಳು. ಬಯ್ಯುತ್ತಲೇ ಅವಳೂ ಪಕ್ಕದಲ್ಲಿ ಕೂತು ವೈರಿನ ತುದಿ ಸುಲಿದುಕೊಡುತ್ತಿದ್ದಳು.

"ಈ ಸ್ಪೀಕರ್ ಮೇಲಿನ ಕನ್ನಡಿ ಚುಕ್ಕೇನ ಎಡಕ್ಕೆ ಬಲಕ್ಕೆ ತಳ್ಳುತ್ತೆ. ಇನ್ನೊಂದು ಮೇಲಕ್ಕೆ ಕೆಳಕ್ಕೆ. ಎರಡೂ ಸೇರಿ ಬೇಗಬೇಗ ಓಡಿಸಿದ್ರೆ ಕಣ್ಣಿಗೆ ಚುಕ್ಕೆ ಕಾಣಲ್ಲ, ಗೆರೆ ಕಾಣುತ್ತೆ."

"ತಳ್ಳೋಕೆ ಹೇಳೋರು ಯಾರು?"

"ಸೌಂಡ್ ಕಾರ್ಡು. ಕಂಪ್ಯೂಟರಲ್ಲಿ ಹಾಡು ಬರುತ್ತಲ್ಲ, ಅದೇ. ಅದಕ್ಕೆ ಎರಡು ಬಾಯಿ. ಎಡಗಡೆದು ಈ ಸ್ಪೀಕರಿಗೆ, ಬಲಗಡೆದು ಆ ಸ್ಪೀಕರಿಗೆ. ಚಿತ್ರಾನ ಸದ್ದು ಮಾಡಿ ಕೊಟ್ರೆ ಅದು ಸದ್ದು ಅಂದ್ಕೊಂಡೇ ಚಿತ್ರ ಬರೆಯುತ್ತೆ."

"ಪಾಪ, ಅದಕ್ಕೆ ಗೊತ್ತೇ ಆಗಲ್ಲ," ಎಂದಳು ಅವಳು.

ಒಂದು ತೊಡಕಿತ್ತು. ಸೌಂಡ್ ಕಾರ್ಡು ಅಲುಗಾಟವನ್ನಷ್ಟೇ ಹೊರಗೆ ಬಿಡುತ್ತಿತ್ತು. ಚುಕ್ಕೆ ಒಂದು ಮೂಲೆಯಲ್ಲಿ ನಿಲ್ಲಲಿ ಎಂದರೆ ಮೆಲ್ಲಗೆ ಜಾರಿ ನಡುವಿಗೆ ಬಂದುಬಿಡುತ್ತಿತ್ತು. ಅಲುಗದೆ ನಿಂತ ವಿದ್ಯುತ್ತನ್ನು ತಡೆಯುವ ಎರಡು ಪುಟ್ಟ ಬಿಡಿಭಾಗಗಳು ಕಾರ್ಡಿನ ಮೇಲಿದ್ದವು, ಮೆಣಸಿನಕಾಳಿನ ಗಾತ್ರದವು. ಅವನು ಕಣ್ಣಿಗೆ ಭೂತಗನ್ನಡಿ ಹಿಡಿದು ಅವುಗಳ ನೆತ್ತಿಯ ಮೇಲಿಂದ ಕೂದಲಿನಂಥ ತಂತಿ ಹಾಯಿಸಿ ಬೆಸೆದ. ಬೆಸುಗೆಯ ಹೊಗೆ ಸುರುಳಿ ಸುತ್ತಿ ಮೇಲೆದ್ದಿತು. ಆಮೇಲೆ ಚುಕ್ಕೆ ಇಟ್ಟಲ್ಲಿ ನಿಂತಿತು. ಎಲ್ಲವನ್ನೂ ಒಂದು ಚಪ್ಪಲಿ ಡಬ್ಬಿಯೊಳಗೆ ಕೂಡಿಸಿ, ಬೆಳಕು ಯಾರ ಕಣ್ಣಿಗೂ ತಾಗದೆ ನೇರ ಮೇಲಕ್ಕೇ ಹೋಗುವ ಹಾಗೆ ಮುಚ್ಚಳದಲ್ಲಿ ಒಂದು ಕಿಂಡಿ ಕೊರೆದ.

ಭಾನುವಾರ ಮಧ್ಯಾಹ್ನ ಅವಳು ನಡುಮನೆಯ ಪರದೆ ಎಳೆದಳು. ಕೋಣೆ ಕೊಳದ ತಳದಂತೆ ಮಬ್ಬಾಯಿತು. ಅವನು ಮಾವನ ಹೆಸರಿನ ಮೊದಲ ಅಕ್ಷರವನ್ನು ಕಂಪ್ಯೂಟರಿಗೆ ಊಡಿಸಿಟ್ಟಿದ್ದ. ಗುಂಡಿ ಒತ್ತಿದ.

ಅಕ್ಷರ ಚಾವಣಿಯ ಮೇಲೆ ಬಂತು. ಆದರೆ ಬಿಸಿಲಿಗಿಟ್ಟ ಮೇಣದ ಹಾಗೆ. ಮೂಲೆಗಳು ಕರಗಿದ್ದವು, ಹೊಟ್ಟೆ ಜೋತಿತ್ತು, ಬಾಲ ನಡುಗುತ್ತಿತ್ತು. ಅಷ್ಟು ಚುರುಕಾಗಿ ತಿರುಗಿ ನಿಲ್ಲುವ ಶಕ್ತಿ ಆ ಬಡ ಸ್ಪೀಕರುಗಳಿಗೆ ಇರಲಿಲ್ಲ.

ಮಾವ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಅಳಿಯನ ಕಿವಿ ಬಿಸಿಯಾಯಿತು. ಮಾತಿಲ್ಲದೆಯೂ ಅವರು ಅವನನ್ನು 'ಪ್ರಿಂಟು' ಎಂದು ಕರೆದಂತಾಗಿತ್ತು. ಡಬ್ಬಿ ಎತ್ತಿಟ್ಟುಬಿಡಲು ಬಗ್ಗಿದ.

"ಅಯ್ಯೋ, ಒಂದು ಅಕ್ಷರ ಸೊಟ್ಟಗಾದ್ರೆ ಆಕಾಶ ಬೀಳಲ್ಲ," ಎಂದಳು ಹೆಂಡತಿ. "ಅದು ಸದ್ದಿಗೆ ಕುಣಿಯೋದಲ್ವಾ? ನನ್ನ ದನಿಗೆ ಏನು ಮಾಡುತ್ತೆ ತೋರ್ಸಿ."

ಅವನು ಒಲ್ಲದ ಮನಸ್ಸಿನಿಂದಲೇ ಒಂದು ಮೈಕು ಸಿಕ್ಕಿಸಿಕೊಟ್ಟ. ಅವಳು ಗುನುಗಿದಳು. ಚಾವಣಿಯ ಮೇಲೆ ಓರೆಯಾದ ಒಂದು ಗೆರೆ ಎಳೆದುಕೊಂಡು, ದನಿ ನಿಂತೊಡನೆ ಮುದುರಿ ಚುಕ್ಕೆಯಾಯಿತು.

"ಇಷ್ಟೇನಾ ನಾನು? ಒಂದು ಕಡ್ಡಿ?"

ಅವನಿಗೆ ನಗು ಬಂತು. ಎರಡು ಕನ್ನಡಿಗೂ ಒಂದೇ ಸದ್ದು ಒಂದೇ ಗಳಿಗೆಯಲ್ಲಿ ಹೋದರೆ ಗೆರೆಯಲ್ಲದೆ ಬೇರೇನು ಬಂದೀತು? ಕಂಪ್ಯೂಟರಿನಲ್ಲಿ ಒಂದು ಕಡೆಯ ಸದ್ದನ್ನು ಕೂದಲೆಳೆಯಷ್ಟು ತಡಮಾಡಿದ. "ಈಗ ಹಾಡು."

ಅವಳು ಮತ್ತೆ ಗುನುಗಿದಳು. ಗೆರೆ ಬಾಯಿಬಿಟ್ಟಿತು. ಒಂದು ಎಲೆಯಾಯಿತು, ದೋಣಿಯಾಯಿತು, ದನಿ ಏರಿದಾಗ ಮಗುಚಿಕೊಂಡು ಇನ್ನೊಂದು ದಿಕ್ಕಿಗೆ ಮಲಗಿತು. ಬೆಳಕು ಹಾದುಹೋಗುವ ದಾರಿಯಲ್ಲಿ ಕೋಣೆಯ ಧೂಳೆಲ್ಲ ಹಸಿರಾಗಿ ತೇಲುತ್ತಿತ್ತು. ಅವಳು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಲೇ ಇದ್ದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂದಾಗ ಮೈಕನ್ನು ಅಪ್ಪನ ತಲೆದಿಂಬಿನ ಪಕ್ಕದ ಗೂಡಿನಲ್ಲಿಟ್ಟು ಓಡಿದಳು.

ಆಗ ಮಾವ ಕೆಮ್ಮಿದರು.

ಚಾವಣಿಯ ಮೇಲೆ ಬೆಳಕು ಬೆಚ್ಚಿಬಿದ್ದ ಹಕ್ಕಿಯಂತೆ ಹಾರಿತು. ಗೋಡೆಯ ಕಡೆಗಿದ್ದ ಅವರ ಮುಖ ಮೆಲ್ಲಗೆ ಹೊರಳಿತು. ಅಳಿಯ ಅದನ್ನು ಕಂಡೂ ಕಾಣದವನಂತೆ ಸ್ಕ್ರೂಡ್ರೈವರ್ ಹುಡುಕುವ ನೆಪ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೆಮ್ಮು. ಇದು ಗಂಟಲಿಗೆ ಬೇಕಾಗಿ ಬಂದ ಕೆಮ್ಮಲ್ಲ ಎಂದು ಅವನಿಗೆ ಗೊತ್ತಾಯಿತು. ಎದ್ದು, ಯಂತ್ರ ಆರಿಸದೆ, ಸದ್ದು ಮಾಡದೆ ಅಡುಗೆಮನೆಗೆ ಬಂದ. ಒಲೆಕಟ್ಟೆ ಒರೆಸುತ್ತಿದ್ದ ಹೆಂಡತಿ ಏನೋ ಕೇಳಲು ಬಾಯಿ ತೆರೆದಾಗ ತುಟಿಯ ಮೇಲೆ ಬೆರಳಿಟ್ಟ.

ಇಬ್ಬರೂ ನಿಂತು ಕೇಳಿದರು. ಮೊದಲು ನಲ್ಲಿಯ ತೊಟ್ಟು ಮಾತ್ರ. ಆಮೇಲೆ ನಡುಮನೆಯಿಂದ ಆ ಸದ್ದು ಬಂತು. ಒರಟಾಗಿ, ಅಂಜುತ್ತ, ಬಾಗಿಲು ಉಜ್ಜಿದಂತೆ. ನಿಂತಿತು. ಮತ್ತೆ ಬಂತು, ಈ ಸಲ ತುಸು ಉದ್ದಕ್ಕೆ. ಹೆಂಡತಿ ಒರೆಸುವ ಬಟ್ಟೆಯನ್ನು ಎದೆಗೊತ್ತಿ ಹಿಡಿದುಕೊಂಡಳು. ಅದರಿಂದ ಹಾಲು ಇಳಿದು ಅವಳ ಮೊಣಕೈಯವರೆಗೂ ಬಂತು.

ಮರುದಿನದಿಂದ ಮಧ್ಯಾಹ್ನದ ಊಟ ಮುಗಿಸಿದೊಡನೆ ಮಾವ ಪರದೆಯ ಕಡೆ ನೋಡತೊಡಗಿದರು. ಮಗಳು ಪರದೆ ಎಳೆದು, ಗುಂಡಿ ಒತ್ತಿ, "ನಾನು ಬಟ್ಟೆ ಒಣಗಿಸ್ತೀನಪ್ಪ," ಎಂದು ಮಹಡಿಗೆ ಹೋಗುತ್ತಿದ್ದಳು. ಒಣಗಿಸಲು ಬಟ್ಟೆ ಇಲ್ಲದ ದಿನವೂ ಹೋಗುತ್ತಿದ್ದಳು. ಯಾರಾದರೂ ಎದುರಿಗಿದ್ದರೆ ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಬ್ಬರೇ ಇದ್ದಾಗ ಮಾತ್ರ ಆ ಸದ್ದು ಮನೆಯೊಳಗೆ ನಡೆದಾಡುತ್ತಿತ್ತು, ಕತ್ತಲಲ್ಲಿ ಚಪ್ಪಲಿ ಹುಡುಕುವವರ ಕಾಲಿನಂತೆ. ಮಹಡಿಯ ಮೇಲೆ ಅವಳು ಖಾಲಿ ಹಗ್ಗ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

"ಒಂದೇ ಸ್ವರಾನ ಹಿಡಿದು ಎಳೀತಾರೆ," ಎಂದಳು ಒಮ್ಮೆ ಗಂಡನಿಗೆ. "ತಪ್ಪಿದ್ರೆ ಮತ್ತೆ ಮೊದಲಿಂದ. ಏನು ಹುಡುಕ್ತಿದಾರೋ."

ಅವನಿಗೂ ತಿಳಿಯಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಕರೆಂಟು ಹೋಗಿ ಅವನು ಬೇಗ ಮನೆಗೆ ಬಂದ. ಬೀದಿಯಲ್ಲಿರುವಾಗಲೇ ದನಿ ಕೇಳಿಸಿತು. ಅದು ಮೊದಲಿನ ಬಾಗಿಲಿನ ಸದ್ದಾಗಿರಲಿಲ್ಲ. ಕೆಳಗಿನ ಸ್ವರದಲ್ಲಿ, ನೀರು ತುಂಬಿದ ಕೊಡದಂತೆ, ನಿಂತ ದನಿ. ಚಪ್ಪಲಿ ಬಿಟ್ಟು ಹೊಸಿಲ ಬಳಿ ಬಂದು ತಲೆಯೆತ್ತಿದ.

ಚಾವಣಿಯ ಮೇಲೆ ಒಂದು ಸೊನ್ನೆ ಇತ್ತು. ಎಲೆಯಲ್ಲ, ದೋಣಿಯಲ್ಲ. ದನಿಯನ್ನು ಎಳ್ಳಷ್ಟು ಏರಿಸಿದರೆ ಮಲಗುವ, ಇಳಿಸಿದರೆ ಬಾಡುವ ಆ ಬೆಳಕನ್ನು ಮಾವ ಒಂದೇ ಉಸಿರಿನಲ್ಲಿ ಎತ್ತಿ ಹಿಡಿದಿದ್ದರು. ತುಂಬು ಸೊನ್ನೆ, ಆಳೆತ್ತರದ್ದು. ಅವರ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಹೊದಿಕೆಯ ಮೇಲೆ ಕುಂಚ ಹಿಡಿದವರ ಹಾಗೆ ಕೂಡಿಕೊಂಡಿದ್ದವು.

ಉಸಿರು ಮುಗಿಯಿತು. ಸೊನ್ನೆ ಮುದುರಿತು. ಮಾವ ಅವನನ್ನು ಕಂಡರು.

ಅವನು ಹಿಂದಕ್ಕೆ ಸರಿಯಲು ಹೊರಟ. ಕೇಳಬಾರದ್ದನ್ನು ಕೇಳಿದವನಂತೆ ಮೈ ಹಿಡಿಯಾಯಿತು. ಆದರೆ ಮಾವ ಮುಖ ತಿರುಗಿಸಲಿಲ್ಲ. ಎಡಗೈ ಎತ್ತಿ ಚಾವಣಿ ತೋರಿಸಿದರು. ಅಂಗೈ ಅಡ್ಡ ಹಿಡಿದು, ಹಣೆ ಸುಕ್ಕಾಗಿಸಿ, ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಅವನಿಗೆ ಅರ್ಥವಾಗಲಿಲ್ಲ. ಅವರು ದೊಡ್ಡ ಉಸಿರೆಳೆದು ಮತ್ತೊಮ್ಮೆ ಸೊನ್ನೆ ಬರೆದು ತೋರಿಸಿದರು, ಅವನ ಎದುರಿಗೇ. ಈಗ ಕಂಡಿತು. ಸೊನ್ನೆಯ ಎತ್ತರ ಅಗಲಕ್ಕಿಂತ ತುಸು ಕಡಿಮೆಯಿತ್ತು. ಮೊಟ್ಟೆಯ ನೆರಳು ಅದಕ್ಕೆ ಬಿದ್ದಿತ್ತು. ಬೇರೆ ಯಾರ ಕಣ್ಣಿಗೂ ಅದು ಕಾಣುವಂಥದಲ್ಲ.

ಅವನು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮಾವ ಮತ್ತೆ ದನಿ ಎಳೆಯುತ್ತಿದ್ದಂತೆ, ಸೊನ್ನೆಯ ಎತ್ತರ ಹೆಚ್ಚಿಸುವ ತಿರುಪನ್ನು ಹಿಡಿದು ಕೊಂಚ ತಿರುಗಿಸಿದ. "ಸಾಕಾ ಮಾವ?"

"ಉಂಹೂಂ."

ಅವನ ಕೈ ತಿರುಪಿನ ಮೇಲೇ ನಿಂತಿತು. ಚಾವಣಿಯ ಮೇಲೆ ಬೆಳಕು ಎರಡು ಬಾರಿ ಗದರಿದಂತೆ ಸಿಡಿದು ಅಡಗಿತು. ಇನ್ನೂ ಸ್ವಲ್ಪ ತಿರುಗಿಸಿದ.

"ಈಗ?"

"ಉಂಹೂಂ!" ಮಾವನ ಹುಬ್ಬು ಗಂಟಿಕ್ಕಿತ್ತು. ಏಣಿ ಹಿಡಿಯಲು ಬಾರದ ಹೊಸ ಕೆಲಸಗಾರನನ್ನು ನೋಡುವ ಹಾಗೆ ನೋಡುತ್ತಿದ್ದರು.

ಮಹಡಿಯ ಮೆಟ್ಟಿಲಲ್ಲಿ ದಡದಡ ಹೆಜ್ಜೆ ಕೇಳಿತು. ಹೆಂಡತಿ ಬಾಗಿಲಿಗೆ ಬಂದು ಏದುಸಿರು ಬಿಡುತ್ತ ನಿಂತಳು. "ಅಪ್ಪ ಏನೋ ಅಂದ ಹಾಗಾಯ್ತು."

"ಬೈದ್ರು."

"ಯಾರ್ನ?"

"ಇನ್ಯಾರ್ನ, ನನ್ನನ್ನೇ."

ಅವಳು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಆ ಮಬ್ಬಿನಲ್ಲಿ ತಿಳಿಯುತ್ತಿರಲಿಲ್ಲ. "ಇನ್ನೊಂದು ಸಲ ತಪ್ಪು ಮಾಡಿ, ರೀ," ಎಂದಳು.

ಅವನು ತಪ್ಪು ಮಾಡಲಿಲ್ಲ. ತಿರುಪನ್ನು ಹಿಂದಕ್ಕೆ ಕೂದಲೆಳೆಯಷ್ಟು ಸಡಿಲಿಸಿ, ಕೈ ತೆಗೆದು, ತಲೆ ಮೇಲೆತ್ತಿದ. ಚಾವಣಿಯ ನಡುವೆ ಹಸಿರು ಚುಕ್ಕೆಯೊಂದು ಅಲುಗದೆ ನಿಂತಿತ್ತು. ಪರದೆಯ ಅಂಚಿನಲ್ಲಿ ಇಳಿಹೊತ್ತಿನ ಬಿಸಿಲು ಸಣ್ಣಗೆ ಹೊತ್ತಿಕೊಂಡಿತ್ತು. ಮೂವರೂ ಮೇಲೆ ನೋಡುತ್ತಿದ್ದರು. ಮಂಚದ ಮೇಲೆ ಮಾವನ ಎದೆ ನಿಧಾನವಾಗಿ ಏರುತ್ತಿತ್ತು, ಏರುತ್ತಲೇ ಇತ್ತು.