ಮೊದಲು ಲೆನ್ಸು, ಆಮೇಲೆ ಬೆಣ್ಣೆ

ಹಾರ್ಮಾಟನ್ ಗಾಳಿ ಶುರುವಾಯಿತೆಂದರೆ ಘಾನಾ ದೇಶದ ಉತ್ತರಕ್ಕಿರುವ ಬೋಲ್ಗಾ ಸೀಮೆಯ ಹಳ್ಳಿಗಳಲ್ಲಿ ಕಣ್ಣುಜ್ಜದವರೇ ಇಲ್ಲ. ಆ ಒಣಗಾಳಿಯ ದೂಳು ಸಜ್ಜೆ ಮುದ್ದೆಯ ಮೇಲೂ ಕೂರುತ್ತದೆ, ರೆಪ್ಪೆಯ ಮೇಲೂ ಕೂರುತ್ತದೆ. ತಲಾಟಾಜ್ಜಿಯ ಮೊಮ್ಮಗಳು ಅಯಾಂಪೋಕ ಮಾತ್ರ ಮಳೆಗಾಲದಲ್ಲೂ ಉಜ್ಜುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಕಣ್ಣು ತುರಿಕೆ. ಮುಷ್ಟಿ ಕಟ್ಟಿ ಗೆಣ್ಣಿನಿಂದ ತಿಕ್ಕಿ ತಿಕ್ಕಿ ಸುಖಪಡುವಳು. ಅಜ್ಜಿ ನೋಡಿ ನಗುತ್ತಿದ್ದಳೇ ಹೊರತು ತಡೆದವಳಲ್ಲ.

ಈಗ ಹುಡುಗಿ ಬೆಳೆದು ನಿಂತಿದ್ದಾಳೆ. ದೀಪಕ್ಕೆ ಬಾಲ ಬಂದಂತೆ ಕಾಣುತ್ತದೆ, ಒಂದು ಕುರಿ ಎರಡಾಗಿ ಕಾಣುತ್ತದೆ. ಪೇಟೆಯಲ್ಲಿ ಕನ್ನಡಕ ಮಾಡಿಸಿದರು. ಸ್ವಲ್ಪ ಕಾಲಕ್ಕೇ ಅದು ಸಾಲದಾಯಿತು. ಇನ್ನೊಂದು ಮಾಡಿಸಿದರು, ಅದೂ ಅಷ್ಟೆ. ಅವಳು ಹೆಣೆದ ಹುಲ್ಲುಬುಟ್ಟಿಗಳಲ್ಲಿ ಕೆಂಪು ಗೆರೆ ಹೋಗಿ ಕಪ್ಪು ಗೆರೆಯ ಮೇಲೆ ಹತ್ತಿ ಕೂರುತ್ತಿತ್ತು. ಮೊಮ್ಮಗಳು ನೀರಿಗೆ ಹೋದಾಗ ಅಜ್ಜಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹೆಣೆದಿಡುತ್ತಿದ್ದಳು.

ಒಂದು ದಿನ ಅಯಾಂಪೋಕ ಬುಟ್ಟಿಯನ್ನು ಬದಿಗೆ ತಳ್ಳಿದಳು.

"ನಂಗೆ ತಿಳಿಯಲ್ಲ ಅಂದ್ಕೊಂಡ್ಯಾ ಅಜ್ಜಿ? ಇದು ನಿನ್ನ ಹೆಣಿಗೆ ಅಂತ ಬೆರಳಿಗೇ ಗೊತ್ತಾಗುತ್ತೆ. ನಾನು ಕುಮಾಸಿ ಪಟ್ಟಣಕ್ಕೆ ಹೋಗ್ತೀನಿ. ಸಂತೇಲಿ ತಲೆಹೊರೆ ಹೊರ್ತೀನಿ. ಅದಕ್ಕೆ ಗೆರೆ ಕಾಣ್ಬೇಕಾಗಿಲ್ಲ."

"ಲಾರಿ ಕಾಣ್ಬೇಕಲ್ಲೇ ಸವತಿ!" ಎಂದಳು ಅಜ್ಜಿ. ಮೊಮ್ಮಗಳನ್ನು ಸವತಿ ಎನ್ನುವುದು ಅಲ್ಲಿನ ಅಜ್ಜಿಯರ ಸಲಿಗೆ. ತಮಾಷೆಗೆ ಅಂದಳಾದರೂ ಆ ಚಿತ್ರ ಕಣ್ಣ ಮುಂದೆ ಬಂತು. ತಲೆಯ ಮೇಲೆ ಹೊರೆ, ಮುಂದೆ ಬರುವ ಲಾರಿ ಒಂದೋ ಎರಡೋ ತಿಳಿಯದ ಹುಡುಗಿ!

ಮರುದಿನವೇ ಅವಳನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಕಣ್ಣು ನೋಡುವ ನರ್ಸ್ ಬಯುವೊ ದಗಾಬ ಜನದವನು. ಅಜ್ಜಿಯ ಫ್ರಾಫ್ರಾ ಜನ ದಗಾಬರನ್ನು ಕಂಡರೆ ಕೆಣಕಲೇಬೇಕು. ಹಂಚಿಕೊಂಡ ನಾಯಿಮಾಂಸದಲ್ಲಿ ತಲೆ ಕದ್ದವರು ಯಾರು ಎಂಬ ಹುಸಿಜಗಳ ತಲೆಮಾರುಗಳ ಆಟ.

"ಏನಪ್ಪಾ ನಾಯಿತಲೆ ಕಳ್ಳ, ಚೆನ್ನಾಗಿದ್ದೀಯಾ?"

"ಮೈಯೆಲ್ಲಾ ತಿಂದು ನಮಗೆ ತಲೆ ಬಿಟ್ಟೋರು ನೀವು. ಕೂತ್ಕೊ ಅಜ್ಜಿ," ಎಂದು ಬಯುವೊ ಹುಡುಗಿಯ ಕಣ್ಣಿಗೆ ಬೆಳಕು ಹಿಡಿದ. ಬಗ್ಗಿ ಓರೆಯಿಂದಲೂ ನೋಡಿದ. ಆಮೇಲೆ ಅವನು ನಗಲಿಲ್ಲ.

"ಕಣ್ಣಿನ ಮುಂದಿರೋ ಗಾಜಿನಂಥ ಪೊರೆ ಸೋರೆಬುರುಡೆ ಥರ ದುಂಡಗಿರ್ಬೇಕು. ಇವಳದ್ದು ನಿಮ್ಮ ಗುಡಿಸಿಲ ಮಾಡಿನ ಹಾಗೆ ಚೂಪಾಗಿದೆ. ಉಜ್ಜಿ ಉಜ್ಜಿ ಇನ್ನೂ ಹೆಚ್ಚಾಗಿದೆ. ಕನ್ನಡಕ ಸಾಲಲ್ಲ. ಮಾಮೂಲಿ ಲೆನ್ಸು ನಿಲ್ಲಲ್ಲ, ಜಾರುತ್ತೆ. ಇಂಥ ಕಣ್ಣಿಗೆ ಅಂತಲೇ ದೊಡ್ಡ ಲೆನ್ಸು ಬರುತ್ತೆ, ಅಳತೆ ತಗೊಂಡು ಮಾಡ್ತಾರೆ. ಚೂಪು ಭಾಗಕ್ಕೆ ತಾಗದೆ, ಬಿಳಿಗುಡ್ಡೆ ಮೇಲೆ ಬೋರಲು ಬಟ್ಟಲ ಹಾಗೆ ಕೂರುತ್ತೆ. ಪ್ರತಿ ಸಲ ಹಾಕೋವಾಗ ಒಳಗೆ ಆಸ್ಪತ್ರೇಲಿ ಕೊಡೋ ಶುದ್ಧವಾದ ಉಪ್ಪುನೀರಿನ ದ್ರವ ತುಂಬ್ಕೋಬೇಕು."

"ಕಣ್ಣೊಳಗೆ ಬಟ್ಟಲಾ? ಹಿಂದಕ್ಕೆ ಹೋಗಿ ಮಿದುಳಿಗೆ ಸಿಕ್ಕೊಂಡ್ರೆ?"

"ಅಲ್ಲಿಗೆ ದಾರಿನೇ ಇಲ್ಲ ಅಜ್ಜಿ. ಆದ್ರೆ ಒಂದು ಮಾತು. ಇದ್ರಿಂದ ಕಣ್ಣು ವಾಸಿ ಆಗಲ್ಲ, ಹಾಕಿರೋವಷ್ಟು ಹೊತ್ತು ಕಾಣುತ್ತೆ. ಉಜ್ಜೋದು ಬಿಡ್ಬೇಕು. ತುರಿಕೆಗೆ ಹನಿ ಕೊಡ್ತೀನಿ."

ದೊಡ್ಡಾಸ್ಪತ್ರೆಗೆ ಹಲವು ಸಲ ಅಲೆದ ಮೇಲೆ ಲೆನ್ಸು ಬಂತು. ಅದನ್ನು ಹಾಕಿಕೊಂಡ ಅಯಾಂಪೋಕ ಅಜ್ಜಿಯ ಮುಖವನ್ನೇ ಬಹಳ ಹೊತ್ತು ನೋಡಿದಳು. "ಇಷ್ಟೊಂದು ಸುಕ್ಕಿದ್ಯಾ ನಿಂಗೆ!" ಎಂದಳು. ಅಜ್ಜಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಮತ್ತೆ ಹಾರ್ಮಾಟನ್ ಬಂತು. ಬೆಳಿಗ್ಗೆ ಹಾಕಿಕೊಂಡ ಲೆನ್ಸು ಆಗಲೇ ಮಂಜು ಮಂಜು. ತೆಗೆದು ಮತ್ತೆ ಹಾಕಿಕೊಂಡರೂ ಅದೇ ಮಂಜು. ಬುಟ್ಟಿಯಲ್ಲಿ ಮತ್ತೆ ಕೆಂಪು ಗೆರೆ ದಾರಿ ತಪ್ಪಿತು. ಅಯಾಂಪೋಕ ಕುಮಾಸಿಗೆ ಹೊರಡಲು ಬಟ್ಟೆಗಂಟು ಕಟ್ಟಿದಳು.

"ನಾ ಮೊದ್ಲೇ ಅಂದಿದ್ದೆ, ಬಟ್ಟಲಂತೆ ಬಟ್ಟಲು!" ಎಂದು ಗೊಣಗುತ್ತಲೇ ಅಜ್ಜಿ ಬಯುವೊನನ್ನು ಮನೆಗೇ ಕರೆತಂದಳು.

"ದಿನಾ ಹೇಗೆ ಹಾಕ್ತೀಯೋ ಹಾಗೇ ಹಾಕಿ ತೋರಿಸಮ್ಮ," ಎಂದ ಅವನು.

ಹುಡುಗಿ ಸೋಪು ಹಚ್ಚಿ ಕೈ ತೊಳೆದಳು, ಒರೆಸಿಕೊಂಡಳು. ಅಷ್ಟರಲ್ಲಿ ಅಜ್ಜಿ ದಿನದ ಅಭ್ಯಾಸದಂತೆ ಆ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಪಕ್ಕದ ಕುಡಿಕೆಯಿಂದ ಶಿಯಾ ಮರದ ಬೀಜದ ಬೆಣ್ಣೆ ತೆಗೆದು ಒಂದೊಂದು ಬೆರಳಿಗೂ ನೀವಿದಳು. "ಒಣಗಾಳಿಗೆ ಬೆರಳು ಬಿರಿದ್ರೆ ಹುಲ್ಲು ಹೊಸೆಯೋದು ಹೇಗೆ? ಹ್ಞೂಂ, ಈಗ ಹಾಕ್ಕೊ."

ಅಯಾಂಪೋಕ ಲೆನ್ಸಿಗೆ ಕೈ ಚಾಚಿದಳು. ಬಯುವೊ ತಟ್ಟನೆ ತಡೆದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಮಂಜು ತರೋ ಕಳ್ಳಿ ನೀನೇ ಅಜ್ಜಿ! ಆ ಬೆಣ್ಣೆ ಎಲ್ಲಾ ಲೆನ್ಸಿಗೆ ಮೆತ್ಕೊತಿದೆ."

ಅಜ್ಜಿ ತನ್ನ ಜಿಡ್ಡಿನ ಅಂಗೈ ನೋಡಿಕೊಂಡಳು. ಅದೇ ಕೈಯಿಂದ ಎಷ್ಟು ಬುಟ್ಟಿ ಬಿಚ್ಚಿ ಹೆಣೆದಿದ್ದಳು! "ಹಾಗಾದ್ರೆ ಇನ್ನು ಬೆಣ್ಣೆ ಹಚ್ಚಬಾರ್ದಾ?" ಎಂದಾಗ ದನಿ ಸಣ್ಣಗಾಗಿತ್ತು.

"ಹಚ್ಚು. ಮೊದಲು ಲೆನ್ಸು, ಆಮೇಲೆ ಬೆಣ್ಣೆ. ಸಂಜೆ ತೆಗೆಯೋ ಮುಂಚೆ ಮತ್ತೆ ಸೋಪಲ್ಲಿ ಕೈ ತೊಳೀಬೇಕು, ಅಷ್ಟೆ."

ಹುಡುಗಿ ಮತ್ತೆ ಸೋಪಿನಿಂದ ಕೈ ತೊಳೆದು, ಅವನು ಕೊಟ್ಟ ದ್ರವದಲ್ಲಿ ತಿಕ್ಕಿ ತೊಳೆದು ಹಾಕಿದ ಮೇಲೆ ಲೆನ್ಸು ತಿಳಿಯಾಯಿತು. ಅಯಾಂಪೋಕ ಸುತ್ತ ನೋಡಿದಳು. ಅಜ್ಜಿ ಹೆಣೆಯುತ್ತಿದ್ದ ಬುಟ್ಟಿಯ ಮೇಲೆ ಅವಳ ಕಣ್ಣು ನಿಂತಿತು.

"ಅಜ್ಜಿ, ಇಲ್ಲಿ ನಿನ್ನ ಗೆರೆ ಸೊಟ್ಟಗಿದೆ."

"ಎಲ್ಲೇ?"

"ಇಲ್ಲಿ. ನೀರಿಗೆ ಹೋಗ್ಬಾ, ಅಷ್ಟರಲ್ಲಿ ಬಿಚ್ಚಿ ಹೆಣೆದಿಡ್ತೀನಿ."

ಅಜ್ಜಿ ನಿಜಕ್ಕೂ ಕೊಡ ಎತ್ತಿಕೊಂಡಳು. ಹೋಗುವಾಗ ಮೂಲೆಯಲ್ಲಿದ್ದ ಬಟ್ಟೆಗಂಟನ್ನು ಕಾಲಿಂದಲೇ ಬಿಚ್ಚಿ ಕೆಡವಿದಳು.

ನಿಮ್ಮ ಮನೆಯಲ್ಲೂ ಸದಾ ಕಣ್ಣುಜ್ಜುವ ಮಕ್ಕಳಿದ್ದಾರೆಯೇ? ನಗುತ್ತ ನೋಡಬೇಡಿ, ಕೈ ಹಿಡಿದು ತಡೆಯಿರಿ, ತುರಿಕೆಗೆ ಔಷಧಿ ಕೊಡಿಸಿ. ಕನ್ನಡಕ ಮತ್ತೆ ಮತ್ತೆ ಬದಲಿಸಿದರೂ ಒಂದು ಎರಡಾಗಿ ಕಾಣುತ್ತಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ, ಕಣ್ಣಿನ ಮುಂದಿನ ಗಾಜಿನಂಥ ಪೊರೆಯ ಆಕಾರ ನೋಡಿಸಿ. ಅಂಥ ಕಣ್ಣಿಗೂ ಅಳತೆಯ ಲೆನ್ಸು ಇದೆ. ಅದಕ್ಕೆ ಬಾವಿನೀರು, ನಲ್ಲಿನೀರು, ಎಂಜಲು ಸೋಕಿಸಬೇಡಿ. ಹಾಕಿಕೊಂಡು ಮಲಗಬೇಡಿ. ಕಣ್ಣು ಕೆಂಪಾದರೆ, ನೋವಾದರೆ ತೆಗೆದಿಟ್ಟು ಅಂದೇ ತೋರಿಸಿ. ಮಂಜಾಯಿತೆಂದು ಎಸೆಯುವ ಮೊದಲು ನಿಮ್ಮ ಬೆರಳನ್ನೊಮ್ಮೆ ನೋಡಿಕೊಳ್ಳಿ. ಪ್ರೀತಿಯಿಂದ ಯಾರಾದರೂ ಬೆಣ್ಣೆ ಸವರಿರಬಹುದು.